ಡಬ್ಬಿಗೆ ಳ ಬರುವುದಿಲ್ಲ

ನಮ್ಮ ಭಾವ ಕಣ್ಣು ಮುಚ್ಚಿಕೊಂಡು ಮುನ್ನೂರು ಬಟ್ಟೆಗಳ ರಾಶಿಯಿಂದ ನಿಮ್ಮ ಪ್ಯಾಂಟನ್ನೇ ಎಳೆದು ಕೈಗೆ ಕೊಡಬಲ್ಲರು. ಉತ್ಪ್ರೇಕ್ಷೆಯಲ್ಲ, ಕರೆಂಟು ಹೋದಾಗ ಮಾಡಿ ತೋರಿಸಿದ್ದಾರೆ. ಅವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿಗೆ ಬಂದ ಪ್ರತಿ ಬಟ್ಟೆಗೂ ಒಂದು ಚೀಟಿ, ಪ್ರತಿ ಚೀಟಿಗೂ ಅಳತೆ ಪುಸ್ತಕದಲ್ಲಿ ಒಂದು ಪುಟ, ಆ ಪುಟದ ಮೂಲೆಗೆ ಗುಂಡುಸೂಜಿಯಲ್ಲಿ ಚುಚ್ಚಿದ ಅದೇ ಬಟ್ಟೆಯ ಒಂದು ಚೂರು. ಎಂಟು ವರ್ಷದ ಹಿಂದೆ ಕೋಟು ಹೊಲಿಸಿಕೊಂಡವರು ಬಂದು "ಅದೇ ಅಳತೆಗೆ ಇನ್ನೊಂದು" ಅಂದರೆ, ಭಾವ ಪುಟ ತಿರುವಿ, ಚೂರನ್ನು ಸವರಿ, ಎದುರಿಗೆ ನಿಂತ ಹೊಟ್ಟೆಯನ್ನೊಮ್ಮೆ ನೋಡಿ, "ಅದೇ ಅಳತೆ ಸಾಲಲ್ಲ ಬಿಡಿ ಸಾರ್" ಅನ್ನುತ್ತಾರೆ.

ಅಂಥ ಮನುಷ್ಯ ಒಂದು ಡಬ್ಬಿಯ ವಿಷಯದಲ್ಲಿ ಎಂಥ ಅಧ್ವಾನ ಎಬ್ಬಿಸಿದರು ಅನ್ನುವುದನ್ನು ನಾನೇ ಹೇಳಬೇಕು. ಯಾಕೆಂದರೆ ಆ ಅಧ್ವಾನದಲ್ಲಿ ಅರ್ಧ ಪಾಲು ನನ್ನದು ಅಂತ ಮನೆಯವರು ನಂಬಿದ್ದಾರೆ. ನಾನು ಅವರ ನಾದಿನಿ. ಅಂಗಡಿಯಲ್ಲಿ ಗುಂಡಿ ಹಚ್ಚುವ, ಗುಂಡಿಗೆ ಕಾಜಾ ಮಾಡುವ ಇಲಾಖೆಗೆ ಮುಖ್ಯಸ್ಥೆಯೂ ನಾನೇ, ಜವಾನನೂ ನಾನೇ. ನನ್ನ ಲೆಕ್ಕದಲ್ಲಿ ನನ್ನ ಪಾಲು ಕಾಲುಭಾಗ, ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ.

ಭಾವ ಸೋದರಮಾವನ ಹತ್ತಿರ ಕೆಲಸ ಕಲಿತವರು. ಅಕ್ಕ ಬಸ್ ಓಡಿಸುತ್ತಾಳೆ. ಮದುವೆಗೆ ಮೊದಲು ಯೂನಿಫಾರ್ಮ್ ಹೊಲಿಸಲು ಬಂದಿದ್ದಳು. ಎಂದೂ ತಪ್ಪದ ಭಾವ ಅಂದು ಎರಡೂ ಜೇಬಿನ ಬಾಯಿ ಹೊಲಿದುಬಿಟ್ಟರು. ಅಕ್ಕ ಬಂದು ಜಗಳವಾಡಿ ಸರಿಮಾಡಿಸಿಕೊಂಡು ಹೋದಳು. ಮುಂದಿನ ವಾರ, ಜೇಬು ಸರಿಯಾಗಿದೆ ಅಂತ ಹೇಳುವುದಕ್ಕೆ ಮತ್ತೆ ಬಂದಳು. ಸರಿಯಾದದ್ದನ್ನು ಹೇಳಲು ಯಾರಾದರೂ ಟೈಲರ್ ಅಂಗಡಿಗೆ ಬರುತ್ತಾರೆಯೇ? ಆಗಲೇ ನನಗೆ ಅನುಮಾನ ಬಂದಿತ್ತು.

ಡಬ್ಬಿ ಬಂದದ್ದು ಮೂರು ವರ್ಷದ ಹಿಂದೆ. ಸಂಗೀತದವನೊಬ್ಬ ಪ್ಯಾಂಟು ಗಿಡ್ಡ ಮಾಡಿಸಲು ಬಂದಾಗ ಕಂಕುಳಲ್ಲಿ ಅದನ್ನು ಇಟ್ಟುಕೊಂಡಿದ್ದ. ಸ್ಯಾಂಪ್ಲರ್ ಅಂತ ಹೆಸರು. ಯಾವ ಸದ್ದನ್ನು ಅದರ ಮೈಕಿಗೆ ಹಿಡಿದರೂ ನುಂಗುತ್ತದೆ. ಮೇಲೆ ಹದಿನಾರು ರಬ್ಬರ್ ಗುಂಡಿ. ಒಂದೊಂದನ್ನು ಒತ್ತಿದರೆ ಒಂದೊಂದು ಸದ್ದನ್ನು ಉಗುಳುತ್ತದೆ. ಸದ್ದನ್ನು ಕತ್ತರಿಸಬಹುದು, ಎಳೆಯಬಹುದು, ಮಡಚಬಹುದು, ಒಂದಕ್ಕೊಂದು ಜೋಡಿಸಿ ಹಾಡು ಮಾಡಬಹುದು.

"ಅಂದ್ರೆ ಇದೂ ಟೈಲರಿಂಗೇ!" ಅಂದರು ಭಾವ. ಸಂಗೀತದವನು ಹೊಸ ಮಾದರಿ ಕೊಂಡ ದಿನ ಹಳೆಯದು ನಮ್ಮ ಮನೆ ಸೇರಿತು.

ಅಲ್ಲಿಂದ ಶುರು. ಕತ್ತರಿಯ ಸದ್ದು, ಇಸ್ತ್ರಿ ಪೆಟ್ಟಿಗೆ ಬುಸ್ಸೆನ್ನುವ ಸದ್ದು, ತಗಡಿನ ಡಬ್ಬದಲ್ಲಿ ಗುಂಡಿ ಅಲುಗುವ ಸದ್ದು, ಎಲ್ಲವೂ ಹಾಡಾದವು. ಡಬ್ಬಿ ಇದನ್ನು ಪ್ರಾಜೆಕ್ಟ್ ಅನ್ನುತ್ತದೆ, ಭಾವ ಹಾಡು ಅನ್ನುತ್ತಾರೆ, ನಮ್ಮ ಅಮ್ಮ ಏನನ್ನುತ್ತಿದ್ದಳು ಅನ್ನುವುದನ್ನು ಬರೆಯುವ ಹಾಗಿಲ್ಲ. ಮನೆ ಅಮ್ಮನದೇ, ಮದುವೆಯಾದ ಮೇಲೆ ಭಾವ ಅಂಗಡಿಯ ಸಮೇತ ಇಲ್ಲಿಗೆ ಬಂದದ್ದು. "ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಿದೆ ಅಳಿಯಂದ್ರೇ" ಅನ್ನುವುದು ಅವಳ ಬಾಯಲ್ಲಿ ಬಂದ ಅತಿ ಮೃದುವಾದ ವಿಮರ್ಶೆ.

ತೊಂದರೆ ಹೆಸರಿನದು. ಡಬ್ಬಿಯ ಪುಟ್ಟ ಪರದೆಯಲ್ಲಿ ಒಂದು ಹೆಸರಿಗೆ ಎಂಟೇ ಅಕ್ಷರದ ಜಾಗ, ಅದೂ ಇಂಗ್ಲಿಷ್ ಅಕ್ಷರ. ಭಾವನಿಗೆ ಹೆಸರು ಹೊಳೆಯುವುದು ಕನ್ನಡದಲ್ಲಿ. ಹಾಗಾಗಿ KALU ಅಂತ ಒಂದು ಹಾಡು. ಅದು ಮಿಷನ್ನು ತುಳಿಯುವ ಕಾಲೋ, ಡಬ್ಬಕ್ಕೆ ಸುರಿದ ಕಾಳೋ, ಒತ್ತಿ ನೋಡಿದ ಮೇಲೇ ಗೊತ್ತಾಗಬೇಕು. BALE, BALE2, BALE3 ಅಂತ ಮೂರಿದ್ದವು: ಒಂದು ಬಳೆ, ಒಂದು ಬಾಳೆ, ಒಂದು ಬಲೆ. ಹೆಸರು ಹೊಳೆಯದ ದಿನ HOSADU ಅಂತ ಇಟ್ಟರು. ಮರುವಾರ HOSADU2. ಆಮೇಲೆ IDEHOSA, ಅದಾದ ಮೇಲೆ KADEHOSA. ಇವುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದು ಅಂದರೆ HOSADU2, ಯಾಕೆಂದರೆ ಅದನ್ನು ಮತ್ತೆ ಬಿಚ್ಚಿ ಹೊಲಿದಿದ್ದರು.

"ಭಾವ, ಇದಕ್ಕೊಂದು ಪುಸ್ತಕ ಇಡಬಾರದಾ?" ಅಂದೆ ನಾನು.

"ಪುಸ್ತಕ ಬೇಕಾಗಿರೋದು ಗಿರಾಕಿಗಳಿಗೆ. ಇದು ನಂದೇ ಅಲ್ವಾ, ತಲೇಲಿರತ್ತೆ" ಅಂದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಅಮ್ಮನ ಕೂಗಿನ ಬಗ್ಗೆ ಹೇಳಬೇಕು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಬೇರೆ ಕೆಲಸಕ್ಕೆ ಹೋಗುವವಳು. ಹಾಲು ಉಕ್ಕುವ ಗಳಿಗೆಯಲ್ಲಿ ಮನೆಯ ಯಾವ ಮೂಲೆಯಲ್ಲಿದ್ದರೂ ಅವಳ ಮೂಗಿಗೆ ಗೊತ್ತಾಗುತ್ತಿತ್ತು. ಆಗ "ಹಾಲೂಊಊ!" ಅಂತ ಒಂದು ಕೂಗು. ಆ ಕೂಗಿಗೆ ನಮ್ಮ ಮನೆಯಲ್ಲಿ ಮಾತ್ರವಲ್ಲ, ಇಡೀ ಬೀದಿಯಲ್ಲಿ ಜನ ಒಲೆಯ ಕಡೆ ಓಡುತ್ತಿದ್ದರು. ಟಪ್, ಟಪ್, ಟಪ್ ಅಂತ ಸಾಲಾಗಿ ಒಲೆಗಳು ಆರುತ್ತಿದ್ದವು. ಆಮೇಲೆ ಎದುರುಮನೆಯವರು ಕಿಟಕಿಯಲ್ಲಿ ತಲೆ ಹಾಕಿ, "ನಮ್ದಾ, ನಿಮ್ದಾ?" ಅನ್ನುವರು. "ನಮ್ದೇ!" ಅಂತ ಅಮ್ಮ. ಮತ್ತೆ ಟಪ್, ಟಪ್, ಟಪ್ ಅಂತ ಒಲೆಗಳು ಹತ್ತಿಕೊಳ್ಳುವವು. ನಾನು ಹುಟ್ಟಿದಾಗಿನಿಂದ ಹೀಗೇ ನಡೆದಿತ್ತು.

ಕಳೆದ ವರ್ಷ ಅಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ತೆಗೆಯಲೇಬೇಕು, ಜೀವಕ್ಕೆ ಭಯವಿಲ್ಲ, ಆದರೆ ದನಿ ಮಾತ್ರ ಮೊದಲಿನ ಹಾಗೆ ಬರುವುದಿಲ್ಲ ಅಂದರು ಡಾಕ್ಟರು. ಆಪರೇಷನ್ ಆಯಿತು. ಬಂದದ್ದು ಬರೀ ಗಾಳಿ.

ಅಮ್ಮ ಸೋಲುವವಳಲ್ಲ. ಅಂಗಡಿಯ ಕಪ್ಪು ಲೈನಿಂಗ್ ಬಟ್ಟೆಯ ಒಂದು ತುಂಡನ್ನು ರಟ್ಟಿಗೆ ಬಿಗಿದುಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆದು ಜಗಳವಾಡಲು ಶುರುಮಾಡಿದಳು. ಸಿಟ್ಟು ಬಂದಷ್ಟೂ ಅಕ್ಷರ ದೊಡ್ಡದಾಗುತ್ತಿತ್ತು. ಒಮ್ಮೆ ಅಕ್ಕನಿಗೆ "ತಡ" ಅಂತ ಬರೆಯುವುದಕ್ಕೆ ಬಟ್ಟೆ ಪೂರ್ತಿ ಖರ್ಚಾಗಿ, "ಯಾಕೆ" ಅನ್ನುವುದಕ್ಕೆ ಜಾಗವೇ ಉಳಿಯಲಿಲ್ಲ. ನಾವು ನಕ್ಕೆವು, ಅವಳೂ ನಕ್ಕಳು. ಹೀಗೇ ನಡೆದುಹೋಗುತ್ತದೆ ಅಂದುಕೊಂಡೆವು.

ಆಪರೇಷನ್ ಆಗಿ ಮೂರನೇ ವಾರ ಅದು. ಮಧ್ಯಾಹ್ನ ಭಾವ ಒಂದು ಮದುಮಗನ ಕೋಟಿನ ಬಟ್ಟೆ ಕತ್ತರಿಸುತ್ತಿದ್ದರು. ಕತ್ತರಿ ಬಟ್ಟೆಯ ಮೇಲಿರುವಾಗ ಅವರು ತಲೆ ಎತ್ತುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಕೋಟಿನ ಕಂಕುಳಿನ ತಿರುವು ಕತ್ತರಿಸಿ ಮುಗಿಸಿದ ಮೇಲೇ ನೋಡುವುದು. ಪಕ್ಕದಲ್ಲಿ ಡಬ್ಬಿ ಕುಯ್ ಅಂದಿತು.

"ಏನದು?"

"ಜಾಗ ಇಲ್ಲ ಅಂತಿದೆ ಭಾವ."

"ಹಾಳು ಅಂತ ಇರೋದನ್ನೆಲ್ಲ ಅಳಿಸಿಬಿಡು ತಾಯಿ. ಕೆಟ್ಟುಹೋದವು ಅವು."

ನಾನು ಡಬ್ಬಿಯಲ್ಲಿ ಹೆಸರು ಹುಡುಕುವ ಚಕ್ರ ತಿರುಗಿಸಿದೆ. HALU, HALU2, HALU3, HALU4. ಖಚಿತವೇ ಅಂತ ಡಬ್ಬಿ ನಾಲ್ಕು ಸಲ ಕೇಳಿತು. ಖಚಿತ, ಖಚಿತ, ಖಚಿತ, ಖಚಿತ ಅಂತ ಒತ್ತಿದೆ. ಕಸ ಗುಡಿಸಿದಷ್ಟು ಖುಷಿಯಾಯಿತು. ಎದ್ದು ಹೋಗಿ ಕೈಯನ್ನೂ ತೊಳೆದುಕೊಂಡೆ.

ಮುಂದಿನ ವಾರ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಹಾಲು ಉಕ್ಕಿತು. ಅವಳ ಮೂಗಿಗೆ ಗೊತ್ತಾಯಿತು. ಅಲ್ಲೇ ನಿಂತು, ತಲೆ ಎತ್ತಿ, ಬಾಯಿ ತೆರೆದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗಾಳಿ ಮಾತ್ರ ಬಂತು. ಅವಳು ಒಳಗೆ ಬಂದು ಮುಟ್ಟುವಷ್ಟರಲ್ಲಿ ಹಾಲೆಲ್ಲ ಒಲೆಯ ಮೇಲೆ ಹರಿದಿತ್ತು. ಅಮ್ಮ ಅದನ್ನು ಒರೆಸಿ, ಬಟ್ಟೆ ಹಿಂಡಿ, ಮಣೆಯ ಮೇಲೆ ಕೂತಳು. ಎರಡು ದಿನ ಸೀಮೆಸುಣ್ಣ ಮುಟ್ಟಲಿಲ್ಲ. ಅವಳು ಬೈಯದ ಮನೆ ಎಷ್ಟು ದೊಡ್ಡದು ಅಂತ ನನಗೆ ಆಗ ಗೊತ್ತಾಯಿತು, ಮತ್ತು ಚೆನ್ನಾಗಿ ಅಳು ಬಂತು.

ಮೂರನೇ ದಿನ ಅಮ್ಮ ಅಂಗಡಿಗೆ ಬಂದು ಭಾವನ ಮುಂದೆ ಕಪ್ಪು ಬಟ್ಟೆ ಹಿಡಿದಳು. ತುಂಬ ಸಣ್ಣ ಅಕ್ಷರ: "ನನ್ನ ಕೂಗು ನಿಮ್ಮ ಡಬ್ಬಿಯಲ್ಲಿ ಇದೆಯಾ?"

ಭಾವನ ಮುಖ ಅರಳಿತು. "ಇದೆ ಅತ್ತೆ! ಯಾಕಿಲ್ಲ? ಆವಾಗ್ಲೇ ಹಿಡಿದಿಟ್ಟಿದ್ದೀನಿ. ನಿಮ್ಮ ಆ ಕೂಗನ್ನೇ ಕತ್ತರಿಸಿ ಒಂದು ಹಾಡು ಮಾಡಿದೀನಿ. ಹಾಲು ಅಂತಲೇ ಹೆಸರು!"

ನನ್ನ ಕೈಯಲ್ಲಿದ್ದ ಸೂಜಿ ನನಗೇ ಚುಚ್ಚಿತು.

"ಭಾವ, ಸ್ವಲ್ಪ ಒಳಗೆ ಬನ್ನಿ" ಅಂತ ಅವರನ್ನು ಅಳತೆ ನೋಡುವ ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದೆ. ಒಬ್ಬರು ನಿಲ್ಲುವ ಜಾಗ. ಅದರಲ್ಲಿ ಇಬ್ಬರು ನಿಂತು ಪಿಸುದನಿಯಲ್ಲಿ ಜಗಳವಾಡಿದೆವು. ಅಮ್ಮ ಕಳೆದುಕೊಂಡದ್ದು ದನಿಯನ್ನು, ಕಿವಿಯನ್ನಲ್ಲ.

"ಅಳಿಸಿಬಿಟ್ಟೆಯಾ? ಹಾಲಿಗೂ ಹಾಳಿಗೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ?"

"ನನಗೆ ಗೊತ್ತು! ನಿಮ್ಮ ಡಬ್ಬಿಗೆ ಗೊತ್ತಿಲ್ಲ! ಎರಡಕ್ಕೂ ಒಂದೇ ಹೆಸರಿಡೋ ಮನುಷ್ಯನಿಗೆ ಏನನ್ಬೇಕು?"

"ಒಂದೇ ಎಲ್ಲಿಟ್ಟೆ? ಕೆಟ್ಟದ್ದಕ್ಕೆ ಹಾಳು ಅಂತ ಬರೆಯೋಕೆ ಹೋದಾಗ, ಆ ಹೆಸರು ಆಗಲೇ ಇದೆ ಅಂತು ಡಬ್ಬಿ. ಯಾವುದೋ ಹಳೇ ಹಾಳು ಇರ್ಬೇಕು ಅಂತ ಎರಡು ಅಂತ ಹಾಕ್ದೆ."

"ಅದು ಹಾಲು ಭಾವ! ಹಾಲು!"

"ಈಗ ಹಾಳು" ಅಂದರು ಭಾವ.

ಪರದೆಯ ಆಚೆಯಿಂದ, ನಾವು ಅವಸರದಲ್ಲಿ ಹೊರಗೆ ತಳ್ಳಿದ್ದ ಗಿರಾಕಿಯೊಬ್ಬರು, "ಅಳತೆ ಮುಗೀತಾ? ನಾನು ಆಗಿನಿಂದ ಒಂದೇ ಕಾಲಿಗೆ ಪ್ಯಾಂಟು ಹಾಕ್ಕೊಂಡು ನಿಂತಿದೀನಿ" ಅಂದರು.

ಭಾವ ಹೊರಗೆ ಬಂದು ಅಮ್ಮನಿಗೆ, "ಆಗಿದೆ ಅತ್ತೆ, ಎಲ್ಲ ಆಗಿದೆ. ಗುಂಡಿ ಒಂದು ಹಚ್ಚೋದು ಬಾಕಿ. ನಾಳೆ ಕೊಟ್ಬಿಡ್ತೀನಿ" ಅಂದರು. ಬಟ್ಟೆಗೆ ಇನ್ನೂ ಕತ್ತರಿಯೇ ಹಾಕದಿದ್ದಾಗ ಅವರು ಗಿರಾಕಿಗಳಿಗೆ ಹೇಳುವ ಮಾತು ಅದು. ಹತ್ತು ವರ್ಷದಿಂದ ಆ ಮಾತನ್ನು ಗೋಡೆಯ ಈಚೆಯಿಂದ ಕೇಳಿಸಿಕೊಂಡ ಅಮ್ಮ ಅವರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಕಪ್ಪು ಬಟ್ಟೆ ಒರೆಸಿಕೊಂಡು ಒಳಗೆ ಹೋದಳು.

ಅಂದು ಭಾವ ಹೊಸ ಅಳತೆ ಪುಸ್ತಕ ಒಂದನ್ನು ಬಿಚ್ಚಿದರು. "ನಿನ್ನ ಮಾತೇ ಸರಿ. ಒಂದೊಂದೂ ಕೇಳೋಣ, ಒಂದೊಂದೂ ಬರೆಯೋಣ. ಆ ಕೂಗನ್ನ ನಾನು ಯಾವುದೋ ದೊಡ್ಡ ತುಂಡಿಂದ ಕತ್ತರಿಸಿದ್ದು. ತುಂಡು ಎಲ್ಲಾದ್ರೂ ಇದ್ದೇ ಇರುತ್ತೆ. ನಾನು ಉಳಿದ ತುಂಡು ಎಸೆಯೋನಲ್ಲ."

ಅದಂತೂ ನಿಜ. ಹನ್ನೆರಡು ವರ್ಷದ ಚಿಂದಿ ಅಟ್ಟದ ಮೇಲಿದೆ.

ಡಬ್ಬಿಯಲ್ಲಿ ಅರವತ್ತೇಳು ಹಾಡು ಉಳಿದಿದ್ದವು. ಪ್ರತಿಯೊಂದಕ್ಕೂ ಒಂದು ಪುಟ. ಮೇಲೆ ಡಬ್ಬಿಯ ಹೆಸರು, ಅದರ ಪಕ್ಕ ಕನ್ನಡದಲ್ಲಿ ಅಸಲಿ ಹೆಸರು. ಎದೆಯ ಅಳತೆ ಬರೆಯುವ ಕಡೆ ಹಾಡಿನ ವೇಗ. ಕೆಳಗೆ ಹದಿನಾರು ಗೆರೆ, ಗುಂಡಿಗೊಂದು ಗೆರೆ, ಯಾವ ಗುಂಡಿಯಲ್ಲಿ ಏನಿದೆ ಅಂತ. ಮೂಲೆಯಲ್ಲಿ ಒಂದು ಚೂರು ಬಟ್ಟೆ: ಇಸ್ತ್ರಿ ಪೆಟ್ಟಿಗೆಯ ಹಾಡಿಗೆ ಸುಟ್ಟ ಕಾಲರಿನ ಚೂರು, ಅಕ್ಕನ ಆಕಳಿಕೆಯ ಹಾಡಿಗೆ ಬಸ್ ಯೂನಿಫಾರ್ಮಿನ ಖಾಕಿ. ಹೆಸರು ಮರೆತರೂ ಚೂರು ಮುಟ್ಟಿದರೆ ಹಾಡು ನೆನಪಾಗುತ್ತಿತ್ತು. ಇಷ್ಟು ಬುದ್ಧಿ ಮೂರು ವರ್ಷದ ಹಿಂದೆ ಎಲ್ಲಿ ಮೇಯಲು ಹೋಗಿತ್ತೋ!

ಹತ್ತು ದಿನ, ಹೊಲಿಗೆಯ ಬಿಡುವಿನಲ್ಲಿ ಕೇಳಿದ್ದೇ ಕೇಳಿದ್ದು. GARAGASA ಅಂತ ಒಂದು ಸಿಕ್ಕಿತು. ಮರ ಕೊಯ್ಯುವ ಗರಗಸದ ಸದ್ದಿನ ಮೇಲೆ ಕಟ್ಟಿದ ಚೆಂದದ ಹಾಡು, ನಾನು ತಲೆದೂಗಿದೆ. "ಎಲ್ಲಿ ಹಿಡಿದ್ರಿ ಭಾವ ಇದನ್ನ?" ಅಂದೆ. ಭಾವ ಸೂಜಿಗೆ ದಾರ ಪೋಣಿಸತೊಡಗಿದರು. ಎರಡನೇ ಸಲ ಕೇಳಿದಾಗ ತಿಳಿಯಿತು, ಅದು ನನ್ನ ಗೊರಕೆ. ಅಸಲಿ ಹೆಸರು ಅನ್ನುವ ಕಡೆ ನಾನು "ಗರಗಸ" ಅಂತಲೇ ಬರೆದೆ. ಬೇರೆ ಏನಾದರೂ ಬರೆದು ಪುರಾವೆ ಬಿಡುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ?

ಅರವತ್ತಾರು ಹಾಡು ಮುಗಿದರೂ ಕೂಗು ಸಿಗಲಿಲ್ಲ. ಉಳಿದದ್ದು ಒಂದೇ, HULI.

"ಅದು ಬೇಡ" ಅಂದರು ಭಾವ. "ಅದು ಹುಳಿ. ಅಂದ್ರೆ, ಕಿವಿಗೆ ಹುಳಿ. ಸ್ವರ ಕೆಟ್ಟಿದೆ. ಅದ್ರಲ್ಲಿ ಏನಿಲ್ಲ."

"ಏನಿಲ್ಲ ಅಂತ ಹೇಗೆ ಗೊತ್ತು?"

"ಗೊತ್ತು ಅಂದ್ನಲ್ಲ. ಹಳೇದು. ನೀನು ಹೋಗಿ ಕಾಜಾ ಮಾಡು."

ಹಾಡು ಹಾಳಾದರೆ ಹಾಳು ಅಂತ ಹೆಸರಿಡುವವರು ಇದಕ್ಕೆ ಮಾತ್ರ ಹುಳಿ ಅಂತ ಯಾಕಿಟ್ಟರು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ದನಿ ಹೋದ ಮೇಲೆ ಅವಳು ಬರುವುದೇ ತಿಳಿಯುತ್ತಿರಲಿಲ್ಲ, ಮೊದಲೆಲ್ಲ ಎರಡು ಕೋಣೆ ಮುಂಚೆಯೇ ತಿಳಿಯುತ್ತಿತ್ತು. ಬಂದು ಕೂತು, ಪುಸ್ತಕವನ್ನು ಮೊದಲಿನಿಂದ ತಿರುವಿದಳು. ಖಾಕಿ ಚೂರಿಗೆ ನಕ್ಕಳು. ಗರಗಸದ ಪುಟ ನೋಡಿ ನನ್ನ ಮುಖ ನೋಡಿದಳು. ಕೊನೆಯ ಪುಟಕ್ಕೆ ಬಂದಾಗ ಬೆರಳು ನಿಂತಿತು. HULI ಅಂತಿದೆ, ಪಕ್ಕದಲ್ಲಿ ಅಸಲಿ ಹೆಸರಿಲ್ಲ. ಸೀಮೆಸುಣ್ಣ ತೆಗೆದು ಬರೆದಳು: "ಇದು ಯಾಕೆ ಖಾಲಿ?"

"ಗುಂಡಿ ಒಂದು ಬಾಕಿ ಅತ್ತೆ..." ಅಂದರು ಭಾವ.

ಅಮ್ಮ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಮೊದಲ ಗುಂಡಿಯನ್ನೇ ಒತ್ತಿದಳು.

"ಅಳಿಯಂದ್ರೇ, ಆ ಡಬ್ಬೀನ ಆರಿಸ್ತೀರೋ, ಇಲ್ಲ ನಾನೇ ಅದಕ್ಕೆ ನೀರು ಹುಯ್ಲೋ!"

ಅಮ್ಮನ ದನಿ! ತುಂಬಿದ, ಕಂಚಿನಂಥ, ಕೋಣೆ ಹಿಡಿಸದ ದನಿ. ಭಾವ ಎರಡು ಕಿವಿಯನ್ನೂ ಮುಚ್ಚಿಕೊಂಡರು, ಹಳೆಯ ಅಭ್ಯಾಸ. ಎರಡನೇ ಗುಂಡಿ: "ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಿದೆ!" ಮೂರನೆಯದು: "ಕತ್ತರಿ ಹಿಡಿಯೋ ಕೈಗೆ ಇದೆಂಥಾ ಗ್ರಹಚಾರ!" ಹೀಗೇ ಸಾಲಾಗಿ ಬೈಗುಳ. ಒಂದು ದಿನ ಅವಳು ಇಷ್ಟುದ್ದ ಬೈಯುವಾಗ ಭಾವ ಸೇಡಿಗೆ ಮೈಕು ಹಿಡಿದು ಎಲ್ಲವನ್ನೂ ನುಂಗಿಸಿಟ್ಟಿದ್ದರು. ಬೈಯುವ ಭರದಲ್ಲಿ ಒಲೆಯ ಮೇಲಿನ ಹಾಲನ್ನು ಅವಳು ಮರೆತಿದ್ದಳು. ಅಮ್ಮ ಎಂಟನೇ ಗುಂಡಿ ಒತ್ತಿದಳು.

"ಹಾಲೂಊಊ!"

ಕಿಟಕಿ ತೆರೆದಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಟಪ್. ಅದರಾಚೆ ಮನೆಯಲ್ಲಿ ಓಡಿದ ಹೆಜ್ಜೆ. ಟಪ್. ಬೀದಿಯ ಕೊನೆಯವರೆಗೆ ಟಪ್, ಟಪ್, ಟಪ್. ಎದುರುಮನೆಯವರ ತಲೆ ಕಿಟಕಿಯಲ್ಲಿ ಕಾಣಿಸಿತು. "ನಮ್ದಾ, ನಿಮ್ದಾ?" ಅಂದುಬಿಟ್ಟು, ಆಮೇಲೆ ನೆನಪಾಗಿ, ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಅಮ್ಮ ಉತ್ತರಕ್ಕೆ ಬಾಯಿ ತೆರೆದಳು. ಮುಚ್ಚಿದಳು. ಗುಂಡಿಗಳನ್ನು ನೋಡಿದಳು. ಒಂಬತ್ತನೆಯದನ್ನು ಒತ್ತಿದಳು.

"ನಮ್ದೇ! ಎಲ್ಲ ಈ ಅಳಿಯಂದ್ರ ಡಬ್ಬಿ ದೆಸೆಯಿಂದ!"

ಎದುರುಮನೆಯವರು ನಗುತ್ತಾ ಅಳುತ್ತಾ ಒಲೆ ಹಚ್ಚಲು ಹೋದರು. ಅಮ್ಮ ಎಂಟು ಒತ್ತಿದಳು, ಒಂಬತ್ತು ಒತ್ತಿದಳು, ಮತ್ತೆ ಎಂಟು ಒತ್ತಿದಳು. ಬೀದಿಯ ಒಲೆಗಳು ಆರಿ ಹತ್ತಿ ಆರಿ ಹತ್ತಿ ಸುಸ್ತಾದವು. ಸದ್ದಿಲ್ಲದೆ ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು. ನಾನೂ ಅತ್ತೆ, ನಾಚಿಕೆಯಿಲ್ಲದೆ, ಯಾರದೋ ಹೊಸ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು.

ಆಮೇಲೆ ಅಮ್ಮ ಪುಟದ ಖಾಲಿ ಜಾಗವನ್ನು ಮತ್ತೆ ತೋರಿಸಿ, ಕಪ್ಪು ಬಟ್ಟೆಯ ಮೇಲೆ ಬರೆದಳು. ಅಕ್ಷರ ದೊಡ್ಡದಾಗಿತ್ತು. "ನಾನು ಹುಳಿಯಾ?"

"ಅಯ್ಯಯ್ಯೋ, ಇಲ್ಲ ಅತ್ತೆ!" ಭಾವ ಎದ್ದುನಿಂತರು. "ನಿಮ್ಮನ್ನ ಹುಳಿ ಅಂತೀನಾ? ಅದು ಹುಳಿ ಅಲ್ಲ, ಹುಲಿ!"

ಅಂದ ಮೇಲೆ ಅವರಿಗೆ ಹೊಳೆಯಿತು. ಬಾಣಲೆಯಿಂದ ಬೆಂಕಿಗೆ ಬಿದ್ದ ಮುಖ ಮಾಡಿಕೊಂಡು, ಟೇಪನ್ನು ಕೊರಳಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಂಡರು. ಇಷ್ಟು ವರ್ಷ ಬೆನ್ನ ಹಿಂದೆ ಅತ್ತೆಗೆ ಇಟ್ಟುಕೊಂಡಿದ್ದ ಹೆಸರು ಹೊರಗೆ ಬಿದ್ದಿತ್ತು. ಕೂಗು ಇದರಲ್ಲೇ ಇದೆ ಅನ್ನುವುದನ್ನು ಮರೆತು, ಆ ಹೆಸರನ್ನು ಮುಚ್ಚಿಡಲಿಕ್ಕೇ ಅವರು ಈ ಹಾಡು ಬೇಡ ಅಂದದ್ದು.

ಅಮ್ಮ ಅವರನ್ನೊಮ್ಮೆ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಖಾಲಿ ಜಾಗದಲ್ಲಿ ತಾನೇ ಬರೆದಳು: "ಹುಲಿ". ಲಿ ಒಂದನ್ನು ಎರಡು ಸಲ ತಿದ್ದಿ ದಪ್ಪ ಮಾಡಿದಳು, ಮುಂದೆ ಯಾರೂ ತಪ್ಪಾಗಿ ಓದದ ಹಾಗೆ. ಭಾವನ ದೊಡ್ಡ ಕತ್ತರಿ ಎತ್ತಿಕೊಂಡು ತಾನು ಬರೆಯುವ ಕಪ್ಪು ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ, ಗುಂಡುಸೂಜಿಯಲ್ಲಿ ಪುಟಕ್ಕೆ ಚುಚ್ಚಿದಳು. ಅದರ ಕೆಳಗೆ, ನನ್ನ ಕಡೆ ತಿರುಗಿ ನೋಡಿ, ಇನ್ನೊಂದು ಸಾಲು ಸೇರಿಸಿದಳು.

"ಅಳಿಸಿದರೆ ಜೋಕೆ."